ಕೋಲಾರದ ಮನೆಯಲ್ಲಿ ಕಡಲಪಾಚಿ ಬೆಳೆ

ಉಪ್ಪುನೀರಿನ ಮೀನಿನ ಟ್ಯಾಂಕ್ ಇಟ್ಟವರು ಪಾಚಿ ಅಂದ ಕೂಡಲೇ ಬ್ರಷ್ ಹುಡುಕುತ್ತಾರೆ. ನಾನು ಅದನ್ನೇ ಬೆಳೆ ಅಂತ ಬೆಳೆಸುತ್ತಿದ್ದೇನೆ. ಹಾಲ್‌ನಲ್ಲಿರುವ 200 ಲೀಟರಿನ ಟ್ಯಾಂಕಿನಲ್ಲಿ, ಸಾಫ್ಟ್ ಕೋರಲ್‌ಗಳ (ಮೆತ್ತನೆಯ ಹವಳಗಳ) ಪಕ್ಕದಲ್ಲೇ, ಬಂದವರಿಗೆಲ್ಲ ಕಾಣುವ ಹಾಗೆ. ಗಾಜಿಗೆ ಅಂಟುವ ಲೋಳೆ ಪಾಚಿಯ ಮಾತಲ್ಲ ಇದು. ಕಾಲರ್ಪಾ, ಹಾಲಿಮೆಡಾ, ಗ್ರಾಸಿಲೇರಿಯಾದಂಥ ದೊಡ್ಡ ಕಡಲಪಾಚಿಗಳ ಮಾತು.

ನಮ್ಮ ಬೋರ್‌ವೆಲ್ ನೀರು ಹೇಗಿರುತ್ತೆ ಅಂತ ಕೋಲಾರದವರಿಗೆ ಹೇಳಬೇಕಾಗಿಲ್ಲ. ಗಡಸು ನೀರು, ಜೊತೆಗೆ ಫ್ಲೋರೈಡ್ ಬೇರೆ. ಹಾಗಾಗಿ ಆರ್‌ಒ ಫಿಲ್ಟರ್, ಅದಾದ ಮೇಲೆ ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ದಾಟಿಸುತ್ತೇನೆ. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಕಡಲನೀರು ಮಾಡುವ ರೀಫ್ ಸಾಲ್ಟ್ ಬೆರೆಸುವುದು. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಸಾಪೇಕ್ಷ ಸಾಂದ್ರತೆ 1.025 ಬರಬೇಕು. ಆರ್‌ಒ ಹೊರಗೆ ಬಿಡುವ ನೀರು ಬಕೆಟ್ಟಿಗೆ ಹೋಗುತ್ತದೆ, ನೆಲ ಒರೆಸಲು ಆಗುತ್ತದೆ. ಈ ಊರಲ್ಲಿ ನೀರನ್ನು ಸುಮ್ನೆ ಮೋರಿಗೆ ಬಿಡಲು ನನಗೆ ಮನಸ್ಸಿಲ್ಲ. ಬೇಸಿಗೆಯಲ್ಲಿ ಗಾಳಿ ಒಣಗಿರುವುದರಿಂದ ಟ್ಯಾಂಕಿನ ನೀರು ಬೇಗ ಇಳಿಯುತ್ತದೆ. ಆರಿಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಆದ್ದರಿಂದ ಮೇಲೆ ತುಂಬಿಸುವುದು ಉಪ್ಪಿಲ್ಲದ ಶುದ್ಧ ನೀರನ್ನೇ.

ಈಗ ಮುಖ್ಯ ವಿಷಯ, ಗೊಬ್ಬರ. ರೀಫ್ ಟ್ಯಾಂಕಿನವರು, ಅಂದರೆ ಹವಳ ಸಾಕುವವರು, ನೈಟ್ರೇಟನ್ನು ಸೊನ್ನೆಗೆ ತರಲು ಒದ್ದಾಡುತ್ತಾರೆ. ಆದರೆ ನೈಟ್ರೇಟ್ ಸೊನ್ನೆಯಾದರೆ ಕಡಲಪಾಚಿಗೆ ಊಟವೇ ಇಲ್ಲ. ಬಣ್ಣ ಮಂಕಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ, ಆ ಜಾಗಕ್ಕೆ ಲೋಳೆ ಪಾಚಿ ಬಂದು ಕೂರುತ್ತದೆ. ನಾನು ನೈಟ್ರೇಟನ್ನು 5ರಿಂದ 10 ಪಿಪಿಎಂ (ಲೀಟರಿಗೆ ಸುಮಾರು ಅಷ್ಟೇ ಮಿಲಿಗ್ರಾಂ), ಫಾಸ್ಫೇಟನ್ನು 0.05ರಿಂದ 0.1 ಪಿಪಿಎಂ ಒಳಗೆ ಇಟ್ಟುಕೊಳ್ಳುತ್ತೇನೆ. ಫಾಸ್ಫೇಟ್ ಮೀನಿನ ಆಹಾರದಿಂದಲೇ ಸಿಗುತ್ತದೆ. ಬೇಗ ಖಾಲಿಯಾಗುವುದು ನೈಟ್ರೇಟ್. ಅದಕ್ಕೆ ಪೊಟ್ಯಾಸಿಯಂ ನೈಟ್ರೇಟ್ ಹಾಕುತ್ತೇನೆ. ನಮ್ಮ ಟೊಮೆಟೊ ರೈತರು ಡ್ರಿಪ್‌ನಲ್ಲಿ ಬಿಡುವ 13:0:45 ಇದೆಯಲ್ಲ, ಅದೂ ಇದೇ ಉಪ್ಪು. ತೂಕದಲ್ಲಿ ನೂರಕ್ಕೆ ಸುಮಾರು 61 ಭಾಗ ನೈಟ್ರೇಟ್. 200 ಲೀಟರಿಗೆ 1 ಪಿಪಿಎಂ ಏರಿಸಲು ಸುಮಾರು 0.33 ಗ್ರಾಂ ಸಾಕು. ಟ್ಯಾಂಕಿಗೆ ನಾನು ಲ್ಯಾಬ್ ದರ್ಜೆಯದನ್ನೇ ತರುತ್ತೇನೆ. ಲಘು ಪೋಷಕಾಂಶ ಸೇರಿಸಿದ ಪ್ಯಾಕೆಟ್ ಮಾತ್ರ ಬೇಡವೇ ಬೇಡ. ಅದರಲ್ಲಿರುವ ತಾಮ್ರ ಸಿಗಡಿ, ಬಸವನಹುಳ, ಕೋರಲ್‌ಗಳಿಗೆ ವಿಷ.

ಬೆಳಕಿನ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ. ಕಡುನೀಲಿಗಿಂತ 6500 ಕೆಲ್ವಿನ್ ಆಸುಪಾಸಿನ ಬಿಳಿ ಎಲ್‌ಇಡಿ ಸಾಕು, ದಿನಕ್ಕೆ ಹತ್ತು ಗಂಟೆ, ಟೈಮರ್ ಮೇಲೆ. ಕರೆಂಟ್ ಹೋದಾಗ ದೀಪ ಆರಿದರೂ ಪರವಾಗಿಲ್ಲ, ನೀರು ಹರಿದಾಡಿಸುವ ವೇವ್‌ಮೇಕರ್ ನಿಲ್ಲಬಾರದು. ಕತ್ತಲಲ್ಲಿ ಪಾಚಿಯೂ ಮೀನಿನ ಜೊತೆ ಆಮ್ಲಜನಕ ಬಳಸುತ್ತದೆ, ಅಲ್ವಾ? ಆದ್ದರಿಂದ ವೇವ್‌ಮೇಕರ್ ಇನ್ವರ್ಟರ್ ಲೈನಿನಲ್ಲಿದೆ.

ಕಾಲರ್ಪಾ ಗರಿಕೆಯ ಹಾಗೆ ಬಳ್ಳಿ ಬಿಟ್ಟು ಹರಡುತ್ತದೆ. ಕಲ್ಲಿಗೆ ಹತ್ತಿದರೆ ಬಿಡಿಸುವುದು ಕಷ್ಟ, ಕೋರಲ್ ಮೇಲೂ ಏರುತ್ತದೆ. ಅದಕ್ಕೇ ಮರಳಿನ ಮಧ್ಯೆ ಒಂಟಿ ಕಲ್ಲು ಇಟ್ಟು, ಅಷ್ಟೇ ಜಾಗ ಅದಕ್ಕೆ ಬಿಟ್ಟಿದ್ದೇನೆ. ಒಂದು ಇಡೀ ಬಳ್ಳಿ, ಎಲೆ ಬೇರು ಎಲ್ಲ ಸೇರಿ, ಒಂದೇ ಜೀವಕೋಶ. ಒಳಗೆ ಅಡ್ಡಗೋಡೆಗಳಿಲ್ಲ. ಅದಕ್ಕೇ ಅಲ್ಲಲ್ಲಿ ಎಲೆ ಕತ್ತರಿಸುವ ಬದಲು ಒಂದು ಬಳ್ಳಿಯನ್ನು ಪೂರ್ತಿ ಎಳೆದು ತೆಗೆಯುತ್ತೇನೆ. ಸಂತಾನಕ್ಕೆ ಲಿಂಗಕಣ (ಗ್ಯಾಮೀಟ್) ಬಿಡುವ ಹೊತ್ತಿಗೆ ಒಳಗಿನದ್ದೆಲ್ಲ ನೀರಿಗೆ ಸುರಿದು ಖಾಲಿಯಾಗುವುದೂ ಇದೇ ಕಾರಣಕ್ಕೆ. ಅದರ ಸೂಚನೆ ಮೊದಲೇ ಕಾಣುತ್ತದೆ. ಎಲೆಯ ಹಸಿರು ಒಂದೇ ಸಮ ಇರದೆ ಬಲೆಬಲೆಯಾಗಿ ಒಡೆಯುತ್ತದೆ, ನಡುವೆ ಬಿಳಿಚಿದ ತೇಪೆಗಳು ಏಳುತ್ತವೆ. ಅಂಥ ಬಳ್ಳಿ ಕಂಡರೆ ಆ ರಾತ್ರಿಯೇ ತೆಗೆದುಬಿಡಬೇಕು. ಬೆಳಗಾದರೆ ನೀರು ಹಸಿರಾಗಿ, ಆಮ್ಲಜನಕ ಇಳಿದಿರುತ್ತದೆ. ತಪ್ಪದೆ ಬಳ್ಳಿ ತೆಗೆಯುತ್ತಾ ಬಂದರೆ, ನೈಟ್ರೇಟ್ ಬರಿದಾಗದಂತೆ ನೋಡಿಕೊಂಡರೆ ಇದು ಅಪರೂಪ.

ನನಗೆ ತುಂಬಾ ಇಷ್ಟ ಹಾಲಿಮೆಡಾ. ಸುಣ್ಣ ತುಂಬಿದ ಹಸಿರು ಬಿಲ್ಲೆಗಳ ಸರ. ಹೊಸ ಬಿಲ್ಲೆ ಹುಟ್ಟುವುದು ರಾತ್ರಿ. ದೀಪ ಹಚ್ಚುವ ಮೊದಲು ಟಾರ್ಚ್ ಬಿಟ್ಟು ನೋಡಿ, ತುದಿಯಲ್ಲಿ ಅಚ್ಚಬಿಳಿಯ, ಮೆತ್ತಗಿನ ಪುಟ್ಟ ಬಿಲ್ಲೆ ಇರುತ್ತದೆ. ಬೆಳಗಿನ ಹೊತ್ತಿಗೆ ಹಳೆಯ ಬಿಲ್ಲೆಗಳಿಂದ ಹರಿತ್ತು ಅದರೊಳಗೆ ಹರಿದು ಬಂದು ಹಸಿರು ತುಂಬುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಸುಣ್ಣ ಕಟ್ಟಿಕೊಳ್ಳುವುದರಿಂದ ಇದಕ್ಕೆ ಕ್ಯಾಲ್ಸಿಯಂ 420 ಪಿಪಿಎಂ, ಕ್ಷಾರತೆ 8ರಿಂದ 9 ಡಿಕೆಎಚ್ (ಕ್ಷಾರತೆಯ ಅಳತೆ) ಇರಬೇಕು. ಕೆಂಪು ಗ್ರಾಸಿಲೇರಿಯಾಕ್ಕೆ ಅದರ ಚಿಂತೆಯಿಲ್ಲ, ನೀರು ಚೆನ್ನಾಗಿ ಹರಿಯುವ ನೆರಳಿನ ಮೂಲೆ ಕೊಟ್ಟರೆ ಸಾಕು.

ಟ್ಯಾಂಗ್, ಫಾಕ್ಸ್‌ಫೇಸ್ ಮೀನು ಬೇಕು ಅನ್ನುವವರು ಈ ಆಸೆ ಬಿಡಬೇಕು. ಎಲ್ಲವನ್ನೂ ಮೇಯ್ದುಬಿಡುತ್ತವೆ. ನನ್ನಲ್ಲಿರುವುದು ಕ್ಲೌನ್ ಮೀನು, ಗೋಬಿಗಳು.

ತೆಗೆದ ಪಾಚಿಯನ್ನು ಕೆರೆ, ಕಾಲುವೆ, ಕಡಲು ಎಲ್ಲಿಗೂ ಬಿಡಬೇಡಿ. 1984ರಲ್ಲಿ ಮೊನಾಕೊ ತೀರದಲ್ಲಿ ಕಂಡ ಅಕ್ವೇರಿಯಂ ತಳಿಯ ಕಾಲರ್ಪಾ ಮುಂದೆ ಮೆಡಿಟರೇನಿಯನ್ ಸಮುದ್ರದಲ್ಲಿ ಬಹಳ ದೂರ ಹಬ್ಬಿತು. ನಾನು ಬಿಸಿಲಲ್ಲಿ ಪೂರ್ತಿ ಒಣಗಿಸಿ, ಉಪ್ಪು ತೊಳೆದು, ಗಿಡಗಳ ಕಾಂಪೋಸ್ಟಿಗೆ ಹಾಕುತ್ತೇನೆ. ಟ್ಯಾಂಕ್ ಇರುವ ಗೆಳೆಯರು ಕೇಳಿದರೆ ಕೊಡುತ್ತೇನೆ. ಹಾಲಿಮೆಡಾವನ್ನು ಮಾತ್ರ ಬುಡದ ಮರಳಿನ ಉಂಡೆ ಸಮೇತ ಕೊಡಬೇಕು, ಆಗ ಬೇಗ ಹಿಡಿಯುತ್ತದೆ.