ಗೊಂಬೆ ಹಬ್ಬಕ್ಕೆ ಪುಟಾಣಿ ಮೆರವಣಿಗೆ: 4 ಸೆಂಟಿಮೀಟರ್ ಗೊಂಬೆಗೆ ಪೇಟ, ಮೀಸೆ, ವಿಭೂತಿ ಬರೆಯುವುದು ಹೇಗೆ

ಲೆಗೋ ಗೊಂಬೆ, ಪ್ಲಾಸ್ಟಿಕ್ ಸೈನಿಕರು, ಸಿನಿಮಾ ಹೀರೋಗಳ ಪುಟ್ಟ ಫಿಗರ್‌ಗಳನ್ನು ಕೂಡಿಡುವವರು ನವರಾತ್ರಿ ಬಂದಾಗ ಅವನ್ನೂ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಕೂರಿಸುತ್ತಾರೆ. ಹೇಗೂ ಮೈಸೂರಲ್ಲಿ ಕೂರಿಸುತ್ತೀರಿ, ಅವಕ್ಕೆ ನಮ್ಮೂರ ವೇಷವನ್ನೇ ಹಾಕಬಹುದು ಅಲ್ವಾ? ಒಬ್ಬನಿಗೆ ಮೈಸೂರು ಪೇಟ, ಇನ್ನೊಬ್ಬನಿಗೆ ವೀರಗಾಸೆಯ ಕೆಂಪು ಉಡುಗೆ, ಜೊತೆಗೊಂದು ಆಟಿಕೆ ಆನೆ ಸಿಕ್ಕರೆ ಜಂಬೂಸವಾರಿಯೇ ರೆಡಿ.

ಇದಕ್ಕೆ ಕೈ ನಡುಗಬಾರದು ಅಷ್ಟೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕೈ ಎಲ್ಲರದ್ದೂ ನಡುಗುತ್ತದೆ. ಕೆಲಸ ನಿಂತಿರುವುದು ಬಣ್ಣದ ಹದದ ಮೇಲೆ, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದರ ಮೇಲೆ. ಅದಕ್ಕಿಂತ ಜಾಸ್ತಿ, ಏನನ್ನು ಬರೆಯದೆ ಬಿಡಬೇಕು ಅನ್ನುವುದರ ಮೇಲೆ.

ಮೊದಲು ಗೊಂಬೆ ಆರಿಸಿ. ಡಬ್ಬ ಒಡೆಯದ, ಬೆಲೆಬಾಳುವ ಗೊಂಬೆಗೆ ಕೈ ಹಾಕಬೇಡಿ, ಬಣ್ಣ ಬಳಿದ ಮೇಲೆ ಸಂಗ್ರಹಕಾರರು ಅದಕ್ಕೆ ಹಳೇ ಬೆಲೆ ಕೊಡುವುದಿಲ್ಲ. ಬಿಡಿಯಾಗಿ ಸಿಗುವ, ಗೀರು ಬಿದ್ದ ಗೊಂಬೆ ಸಾಕು. ಗಟ್ಟಿ ಪ್ಲಾಸ್ಟಿಕ್ ಆದರೆ ಒಳ್ಳೆಯದು. ಬಗ್ಗಿಸಿದರೆ ಬಗ್ಗುವ ಮೆತ್ತನೆ ಗೊಂಬೆಗೆ ಕೆಲವು ಸ್ಪ್ರೇ ಬಣ್ಣಗಳು ಆಗಿಬರುವುದಿಲ್ಲ. ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಬೆರೆಸಿದ ಎಣ್ಣೆಯಂಥ ವಸ್ತು ಮೇಲೆ ಬಂದು ಬಣ್ಣ ಎಷ್ಟು ದಿನವಾದರೂ ಅಂಟಂಟಾಗಿಯೇ ಇರುತ್ತದೆ. ಅಂಥದ್ದಕ್ಕೆ ನೀರು ಬೆರೆಸಿ ಹಚ್ಚುವ ಅಕ್ರಿಲಿಕ್ ಬಣ್ಣವನ್ನು ಬ್ರಷ್‌ನಲ್ಲೇ ಹಚ್ಚಿ.

ಲೆಗೋ ಗೊಂಬೆಯ ಎದೆ ಮೇಲಿನ ಪ್ರಿಂಟ್ ತೆಗೆಯಬೇಕಾದರೆ ಹತ್ತಿಗೆ ಸ್ವಲ್ಪ ಬ್ರಾಸೊ (ಹಿತ್ತಾಳೆ ಹೊಳೆಸುವ ಪಾಲಿಶ್) ತಗೊಂಡು ತಾಳ್ಮೆಯಿಂದ ಉಜ್ಜಿ. ನೇಲ್ ಪಾಲಿಶ್ ತೆಗೆಯುವ ದ್ರವ ಮತ್ತು ಥಿನ್ನರ್ ಹತ್ತಿರಕ್ಕೂ ತರಬೇಡಿ, ಅಸಿಟೋನ್ ತಗುಲಿದರೆ ಆ ಪ್ಲಾಸ್ಟಿಕ್ಕೇ ಕರಗುತ್ತದೆ. ಆಮೇಲೆ ಪಾತ್ರೆ ಸೋಪಿನಲ್ಲಿ ತೊಳೆದು ಒಣಗಿಸಿ, 600 ಅಥವಾ 800 ನಂಬರಿನ ಉಪ್ಪುಕಾಗದದಿಂದ ಹೊಳಪು ಹೋಗುವಷ್ಟು ಮಾತ್ರ ತಿಕ್ಕಿ. ತಿಕ್ಕಿದ ಪುಡಿ ತೊಳೆದು ತೆಳ್ಳಗೆ ಪ್ರೈಮರ್, ಅಂದರೆ ಬಣ್ಣ ಹಿಡಿಯಲಿ ಅಂತ ಮೊದಲು ಕೊಡುವ ಕೋಟ್, ಕೊಡಿ. ಕೈಕಾಲು ತಿರುಗುವ ಸಂದಿಗೆ ಬಣ್ಣ ಹೋಗದ ಹಾಗೆ ನೋಡಿಕೊಳ್ಳಿ, ಹೋದರೆ ಒಂದೇ ಸಲ ಅಲ್ಲಾಡಿಸಿದಾಗ ಸಿಪ್ಪೆಯಾಗಿ ಏಳುತ್ತದೆ.

ಬ್ರಷ್ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಅಂಗಡಿಯವರು ಸಣ್ಣ ಕೆಲಸ ಅಂದ ಕೂಡಲೇ ನಾಲ್ಕೇ ಕೂದಲಿರುವಂಥ ಬ್ರಷ್ ಕೊಡುತ್ತಾರೆ. ಅದರಲ್ಲಿ ನಿಲ್ಲುವ ಬಣ್ಣ ಎಷ್ಟು ಕಡಿಮೆ ಅಂದರೆ ಗೊಂಬೆ ಮುಟ್ಟುವಷ್ಟರಲ್ಲಿ ಒಣಗಿರುತ್ತದೆ. ಚೂಪು ಮೊನೆ ಇರುವ 0 ಅಥವಾ 1 ನಂಬರಿನ ರೌಂಡ್ ಬ್ರಷ್ ತಗೊಳ್ಳಿ. ಅಂಗಡಿಯಲ್ಲೇ ನೀರಲ್ಲಿ ಅದ್ದಿ ಮೊನೆ ಕೂಡುತ್ತದಾ ನೋಡಿ. ಅರ್ಧದವರೆಗೆ ಮಾತ್ರ ಬಣ್ಣದಲ್ಲಿ ಅದ್ದಿ, ಕೂದಲು ಹಿಡಿದಿರುವ ತಗಡಿನ ಕಟ್ಟಿನೊಳಗೆ ಬಣ್ಣ ಸೇರಿದರೆ ಕೂದಲು ಅಗಲಿ ಮೊನೆ ಕೆಡುತ್ತದೆ. ಬಿಸಿನೀರಲ್ಲಿ ತೊಳೆಯಬೇಡಿ.

ಬಣ್ಣ ಸ್ಟೇಷನರಿ ಅಂಗಡಿಯ ಕ್ಯಾಮಲ್ ಅಥವಾ ಫೆವಿಕ್ರಿಲ್ ಅಕ್ರಿಲಿಕ್ ಆದರೂ ನಡೆಯುತ್ತದೆ, ಆದರೆ ಬಾಟಲಿಯಿಂದ ನೇರ ಹಚ್ಚಿದರೆ ಮೂಗು ಬಾಯಿ ಎಲ್ಲ ಮುಚ್ಚಿಹೋಗುತ್ತವೆ. ಹನಿ ಹನಿಯಾಗಿ ನೀರು ಬೆರೆಸಿ ನೀರುಮಜ್ಜಿಗೆಯ ಹದಕ್ಕೆ ತನ್ನಿ. ಒಂದು ದಪ್ಪ ಕೋಟ್ ಬದಲು ಎರಡು ಮೂರು ತೆಳು ಕೋಟ್. ಚಪ್ಪಟೆ ಡಬ್ಬದಲ್ಲಿ ಒದ್ದೆ ಟಿಶ್ಯೂ ಹಾಸಿ ಮೇಲೆ ಬಟರ್ ಪೇಪರ್ ಇಟ್ಟು ಅದರ ಮೇಲೆ ಬಣ್ಣ ಕಲಸಿದರೆ ಬೇಗ ಒಣಗುವುದಿಲ್ಲ. ಇನ್ನೊಂದು ಮಾತು, ದಯವಿಟ್ಟು ಫ್ಯಾನ್ ಆಫ್ ಮಾಡಿ. ಗೆರೆ ಕಡಿದು ಕಡಿದು ಬರುವುದಕ್ಕೆ ಎಷ್ಟೋ ಸಲ ತಲೆ ಮೇಲೆ ತಿರುಗುವ ಫ್ಯಾನೇ ಕಾರಣ.

ಈಗ ನಿಜವಾದ ಕೆಲಸ. ಗೊಂಬೆಯನ್ನು ಬಾಟಲಿ ಮುಚ್ಚಳದ ಮೇಲೆ ಡಬಲ್ ಟೇಪ್‌ನಲ್ಲಿ ಅಂಟಿಸಿ, ಮುಚ್ಚಳ ಹಿಡಿದುಕೊಳ್ಳಿ. ಮೊಣಕೈ ಎರಡೂ ಮೇಜಿನ ಮೇಲೆ, ಎರಡು ಅಂಗೈಗಳ ಬುಡ ಒಂದಕ್ಕೊಂದು ತಾಗಿರಲಿ. ಆಗ ನಡುಗಿದರೂ ಗೊಂಬೆ ಬ್ರಷ್ ಎರಡೂ ಒಟ್ಟಿಗೇ ನಡುಗುತ್ತವೆ, ಗೆರೆ ಕೆಡುವುದಿಲ್ಲ. ಅದ್ದಿದ ಬ್ರಷ್ಷನ್ನು ಟಿಶ್ಯೂಗೆ ಒಮ್ಮೆ ಒತ್ತಿ, ಹೆಬ್ಬೆರಳ ಉಗುರಿನ ಮೇಲೆ ಒಂದು ಗೆರೆ ಎಳೆದು ನೋಡಿ, ಆಮೇಲೆ ಗೊಂಬೆಗೆ ಬನ್ನಿ.

ಸಣ್ಣ ಗೆರೆಯನ್ನು ಸಣ್ಣದಾಗಿ ಎಳೆಯಲು ಹೋಗಬೇಡಿ. ದಪ್ಪಗೆ ಎಳೆದು, ಒಣಗಿದ ಮೇಲೆ ಎರಡೂ ಕಡೆಯಿಂದ ಮೈಬಣ್ಣದಲ್ಲಿ ಒತ್ತರಿಸಿ ಸಣ್ಣಗೆ ಮಾಡಿ. ವೀರಗಾಸೆಯವನ ಹಣೆಯ ವಿಭೂತಿ ತಗೊಳ್ಳಿ. ಮೂರು ಬಿಳಿ ಗೆರೆ ಒಂದಕ್ಕೊಂದು ಅಂಟಿಕೊಂಡರೂ ಪರವಾಗಿಲ್ಲ, ಎಳೆದುಬಿಡಿ. ಆಮೇಲೆ ನಡುವಿನ ಎರಡು ಸಂದುಗಳನ್ನು ಮೈಬಣ್ಣದಲ್ಲಿ ಬಿಡಿಸಿ. ಅಚ್ಚ ಬಿಳಿ ಸುಣ್ಣ ಬಳಿದ ಹಾಗೆ ಕಾಣುತ್ತದೆ, ಚೂರೇ ಚೂರು ಕಪ್ಪು ಸೇರಿಸಿ ಬೂದಿ ಬಣ್ಣಕ್ಕೆ ತನ್ನಿ. ಮೀಸೆಗೂ ಹುಬ್ಬಿಗೂ ಇದೇ ದಾರಿ, ಕಪ್ಪಿನ ಬದಲು ಗಾಢ ಕಂದು ಹಾಕಿದರೆ ಮುಖ ಮೃದುವಾಗುತ್ತದೆ. ಕಣ್ಣುಗಳಲ್ಲಿ ನಿಮಗೆ ಕಷ್ಟವಾಗುವ ಕಡೆಯದ್ದನ್ನು ಮೊದಲು ಬರೆಯಿರಿ, ಸುಲಭದ್ದನ್ನು ಅದಕ್ಕೆ ಹೊಂದಿಸಬಹುದು. ಈ ಅಳತೆಯಲ್ಲಿ ರೆಪ್ಪೆಗೂದಲು ಬೇಡವೇ ಬೇಡ.

ಪೇಟದ ಜರಿಯಂಚು ನಿಜವಾದ ಅಳತೆಗೆ ಇಳಿಸಿದರೆ ಕಣ್ಣಿಗೇ ಕಾಣುವುದಿಲ್ಲ. ಹಾಗಾಗಿ ಅದನ್ನು ಧಾರಾಳವಾಗಿ ಅಗಲ ಮಾಡಿ, ಮಡಿಕೆಗಳನ್ನು ಎರಡೇ ಗೆರೆಗೆ ಇಳಿಸಿ. ಎದೆ ಮೇಲೆ ಗಂಡಭೇರುಂಡ ಬೇಕು ಅಂತ ಆಸೆ ಇದ್ದರೆ ಎರಡು ಕಡೆ ತಿರುಗಿದ ಕೊಕ್ಕು, ಬಿಚ್ಚಿದ ರೆಕ್ಕೆ, ಅಷ್ಟೇ. ಗರಿ ಬರೆಯಲು ಹೋದರೆ ಬರೀ ಕಲೆಯಾಗುತ್ತದೆ. ನೋಡುವವರ ಕಣ್ಣು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ.

ಚಿನ್ನದ ಬಣ್ಣ ನೇರವಾಗಿ ಹಚ್ಚಿದರೆ ಕೆಳಗಿನದ್ದು ಇಣುಕುತ್ತದೆ. ಮೊದಲು ಕಾವಿ ಅಥವಾ ಕಂದು ಹಚ್ಚಿ, ಅದರ ಮೇಲೆ ಚಿನ್ನ. ಅದನ್ನು ತೊಳೆಯುವ ನೀರು ಬೇರೆ ಲೋಟದಲ್ಲಿರಲಿ, ಇಲ್ಲದಿದ್ದರೆ ಮಿಂಚಿನ ಪುಡಿ ಎಲ್ಲ ಬಣ್ಣಕ್ಕೂ ಸೇರುತ್ತದೆ. ಒಡವೆಗೆ ನಮ್ಮಲ್ಲೇ ಒಳ್ಳೇ ಪಾಠವಿದೆ. ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಿ ಮೈಸೂರು ಶೈಲಿಯ ಚಿತ್ರಗಳ ಆಭರಣಗಳನ್ನು ಹತ್ತಿರದಿಂದ ನೋಡಿ. ತಂಜಾವೂರು ಚಿತ್ರಗಳಷ್ಟು ಉಬ್ಬಿಸದೆ, ಗೆಸ್ಸೊ ಅನ್ನುವ ಗಟ್ಟಿಯಾಗುವ ಲೇಪವನ್ನು ತೆಳ್ಳಗೆ ಎಬ್ಬಿಸಿ ಮೇಲೆ ಚಿನ್ನದ ರೇಕು ಕೂರಿಸಿರುತ್ತಾರೆ. ಅದನ್ನೇ ಇಲ್ಲಿ ಮಾಡಿ. ನೀರು ಬೆರೆಸದ ಅಕ್ರಿಲಿಕ್ಕನ್ನು ಟೂತ್‌ಪಿಕ್ ತುದಿಯಲ್ಲಿ ಚುಕ್ಕಿ ಚುಕ್ಕಿ ಇಟ್ಟು ಪೂರ್ತಿ ಒಣಗಲು ಬಿಡಿ, ಆಮೇಲೆ ಚಿನ್ನ ಮುಟ್ಟಿಸಿ. ರುದ್ರಾಕ್ಷಿ ಸರಕ್ಕೂ ಇದೇ ಚುಕ್ಕಿ, ಬಣ್ಣ ಮಾತ್ರ ಕಂದು.

ಕೊನೆಗೆ ವಾರ್ನಿಷ್. ಸ್ಪ್ರೇ ಹೊಡೆಯುವುದಾದರೆ ಹೊರಗಡೆ, ಮಾಸ್ಕ್ ಹಾಕಿಕೊಂಡು, ಒಣ ಹವೆ ಇರುವ ದಿನ ನೋಡಿ. ಜಿನುಗು ಮಳೆ ಇದ್ದಾಗ ಮ್ಯಾಟ್ (ಹೊಳಪಿಲ್ಲದ) ಸ್ಪ್ರೇ ಹೊಡೆದರೆ ಮೇಲೆಲ್ಲ ಬಿಳಿ ಮಂಜು ಕೂರುವ ಸಾಧ್ಯತೆ ಜಾಸ್ತಿ. ದಸರಾ ಹೊತ್ತಿಗೂ ಮಳೆ ಬರುವುದುಂಟು, ಅದಕ್ಕೇ ಮಹಾಲಯ ಅಮಾವಾಸ್ಯೆಯ ತನಕ ಎಳೆಯಬೇಡಿ. ಬಿಸಿಲು ಕಾಣದಿದ್ದರೆ ನೀರಿನ ವಾರ್ನಿಷ್ಷನ್ನು ಬ್ರಷ್‌ನಲ್ಲಿ ತೆಳ್ಳಗೆ ಹಚ್ಚಿ. ಮ್ಯಾಟ್ ಬಿದ್ದರೆ ಚಿನ್ನ ಮಂಕಾಗುತ್ತದೆ, ಆದ್ದರಿಂದ ಜರಿ ಒಡವೆಗಳ ಕೊನೆಯ ಚಿನ್ನವನ್ನು ವಾರ್ನಿಷ್ ಒಣಗಿದ ಮೇಲೆ ಹಚ್ಚಿ.

ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿರುವ ಮನೆಯಲ್ಲಿ ಇವನ್ನು ಮೇಲಿನ ಮೆಟ್ಟಿಲಿಗೆ ಏರಿಸಿ. ಹಬ್ಬ ಮುಗಿದ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಒತ್ತಿ ಕಟ್ಟಿಡಬೇಡಿ, ಸೆಖೆಗೆ ಬಣ್ಣ ಕವರಿಗೆ ಅಂಟುತ್ತದೆ. ಒಂದೊಂದನ್ನೂ ಬಟರ್ ಪೇಪರಿನಲ್ಲಿ ಸಡಿಲವಾಗಿ ಸುತ್ತಿ, ರಟ್ಟಿನ ಡಬ್ಬದಲ್ಲಿ ನಿಲ್ಲಿಸಿ ಇಡಿ.