ಒಂದು ಕಾಲಿಗೆ ಮಸಾಜ್ ಗನ್, ಇನ್ನೊಂದಕ್ಕೆ ಏನೂ ಇಲ್ಲ

ಮಸಾಜ್ ಗನ್, ಅಂದರೆ ಸ್ನಾಯುವನ್ನು ಪಟಪಟ ಕುಟ್ಟುವ ಕೈಯಂತ್ರ, ತಗೊಳ್ಳಬಹುದಾ ಅಂತ ಜಿಮ್‌ನಲ್ಲಿ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ‘ಯಾತಕ್ಕೆ?’ ಅಂತ. ನೋವು ಸ್ವಲ್ಪ ಹೊತ್ತು ತಗ್ಗಿದರೆ ಸಾಕು ಅನ್ನುವವರಿಗೆ ಕೆಲಸಕ್ಕೆ ಬರುತ್ತದೆ. ಸ್ನಾಯು ಬೇಗ ಸರಿಹೋಗಬೇಕು, ನಾಳೆಯೇ ಮತ್ತೆ ಭಾರ ಎತ್ತಬೇಕು ಅನ್ನುವವರು ಆ ಆಸೆ ಬಿಡುವುದೇ ಒಳ್ಳೆಯದು. ನೋವು ತಗ್ಗುವುದು ಬೇರೆ, ಸ್ನಾಯು ಸುಧಾರಿಸಿಕೊಳ್ಳುವುದು ಬೇರೆ. ಎರಡನ್ನೂ ಒಂದೇ ಅಂದುಕೊಂಡವರು ಗನ್ ಕೊಂಡ ಹೊಸದರಲ್ಲಿ ಹೊಗಳುತ್ತಾರೆ, ಆಮೇಲೆ ಬೈಯುತ್ತಾರೆ.

ನನ್ನದು ಓಟ, ಜೊತೆಗೆ ಕಾಲಿಗೆ ಒಂದಿಷ್ಟು ತೂಕದ ವ್ಯಾಯಾಮ. ಗನ್ ತಂದ ಹೊಸದರಲ್ಲಿ ಹಾಯ್ ಅನ್ನಿಸುತ್ತಿತ್ತು ನಿಜ. ಆದರೆ ಅದು ಗನ್‌ನ ಗುಣವೋ, ಸುಮ್ನೆ ಹತ್ತು ನಿಮಿಷ ಕಾಲು ಚಾಚಿ ಕೂತಿದ್ದರ ಗುಣವೋ ತಿಳಿಯುತ್ತಿರಲಿಲ್ಲ. ವ್ಯಾಯಾಮದ ನೋವು ಹೇಗೂ ಕೆಲವೇ ದಿನದಲ್ಲಿ ಇಳಿಯುತ್ತದೆ. ತಾನಾಗಿ ಹೋಗುವ ನೋವಿಗೆ ಏನು ಮಾಡಿದರೂ ಮಾಡಿದ್ದಕ್ಕೇ ಹೆಸರು ಬರುತ್ತದೆ, ಅಲ್ವಾ? ಅದಕ್ಕೇ ಒಂದು ಕಾಲಿಗೆ ಗನ್ ಹಿಡಿಯುವುದು, ಇನ್ನೊಂದನ್ನು ಹಾಗೇ ಬಿಡುವುದು ಅಂತ ಶುರು ಮಾಡಿದೆ. ಮುಂದಿನ ಸಲ ಕಾಲು ಅದಲು ಬದಲು.

ಇದಕ್ಕೆ ಇಳಿಜಾರಿನಲ್ಲಿ ಜೋರಾಗಿ ಓಡಿದ ದಿನಗಳನ್ನೇ ಆರಿಸಿಕೊಂಡೆ. ಮಾರನೇ ದಿನ ತೊಡೆ ಹಿಡಿದುಕೊಳ್ಳಲು ಅದಕ್ಕಿಂತ ಖಾತ್ರಿ ದಾರಿ ಇಲ್ಲ. ಮೊಣಕಾಲಿಂದ ಒಂದು ಗೇಣು ಮೇಲೆ ಹೆಬ್ಬೆರಳಿನಿಂದ ಒತ್ತಿ ನೋವಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕುತ್ತಿದ್ದೆ. ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಂತು ನಿಧಾನವಾಗಿ ಕೆಳಗಿಳಿದು ನೋಡುತ್ತಿದ್ದೆ. ಆಮೇಲೆ ಬೆರಳಿಗೆ ಸೀಮೆಸುಣ್ಣ ಬಳಿದುಕೊಂಡು, ಗೋಡೆ ಪಕ್ಕ ಒಂಟಿ ಕಾಲಲ್ಲಿ ಜಿಗಿದು ಗುರುತು ಹಾಕುತ್ತಿದ್ದೆ. ಗನ್ ಹಿಡಿಯುವ ಮುಂಚೆ, ಹಿಡಿದ ತಕ್ಷಣ, ಒಂದು ಗಂಟೆ ಬಿಟ್ಟು, ಮತ್ತೆ ಮಾರನೇ ಬೆಳಿಗ್ಗೆ ಇದೇ ಕೆಲಸ. ನೋಡಿದವರಿಗೆ ಹುಚ್ಚು ಅನ್ನಿಸಿರಬಹುದು.

ಹಿಡಿದ ತಕ್ಷಣ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತಿತ್ತು. ಒತ್ತಿದರೆ ನೋವು ಕಡಿಮೆ, ಮೆಟ್ಟಿಲು ಇಳಿಯುವಾಗ ಆ ಕಾಲು ನಡುಗುತ್ತಿರಲಿಲ್ಲ. ಒಂದು ಗಂಟೆ ಕಳೆದರೆ ಅಂತರ ಅರ್ಧಕ್ಕೆ ಬಂದಿರುತ್ತಿತ್ತು. ಮಾರನೇ ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಎರಡೂ ಕಾಲು ಒಂದೇ, ಎರಡೂ ಮರದ ಕೊರಡು. ಇನ್ನು ಜಿಗಿತ? ಗನ್ ಹಿಡಿದ ಕಾಲು ಯಾವತ್ತೂ ಜಾಸ್ತಿ ಜಿಗಿಯಲಿಲ್ಲ, ಕಡಿಮೆಯೂ ಆಗಲಿಲ್ಲ. ಯಾವ ಕಾಲಿಗೆ ಗನ್ ಹಿಡಿದಿದ್ದೇನೆ ಅಂತ ನನಗೆ ಗೊತ್ತಿರುತ್ತಿತ್ತು, ಹಾಗಾಗಿ ನೋವಿನ ಅಂಕವನ್ನು ಪೂರ್ತಿ ನಂಬುವ ಹಾಗಿಲ್ಲ. ಸೀಮೆಸುಣ್ಣದ ಗುರುತಿಗೆ ಆ ದಾಕ್ಷಿಣ್ಯ ಇಲ್ಲ.

ಪ್ರಯೋಗಾಲಯದಲ್ಲಿ ಕಂಡದ್ದೂ ಇದರಿಂದ ಬಹಳ ದೂರವೇನಿಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 16 ಗಂಡಸರ ಮೀನಖಂಡಕ್ಕೆ 5 ನಿಮಿಷ ಗನ್ ಹಿಡಿದರು. ಪಾದ ಮೇಲಕ್ಕೆ ಬಾಗುವ ಮಟ್ಟ ಸುಮಾರು 5 ಡಿಗ್ರಿ ಹೆಚ್ಚಾಯಿತು. ಸ್ನಾಯುವಿನ ಬಲ ಮಾತ್ರ ಇದ್ದಲ್ಲೇ ಇತ್ತು. ಕೈಯಿಂದ ಮಾಡುವ ಮಸಾಜ್‌ಗೆ ಇನ್ನೂ ಗಟ್ಟಿ ಆಧಾರ ಇದೆ. 2018ರಲ್ಲಿ 99 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಐಸ್ ನೀರು, ಬಿಗಿ ಬಟ್ಟೆ, ಸ್ಟ್ರೆಚಿಂಗ್ ಎಲ್ಲಕ್ಕಿಂತ ಮಸಾಜ್ ನೋವು ಮತ್ತು ಸುಸ್ತನ್ನು ಚೆನ್ನಾಗಿ ತಗ್ಗಿಸಿತ್ತು. ಆದರೆ ಗನ್ ಮಾರುವವರು ಆ ಹೆಸರನ್ನು ತಮ್ಮ ಯಂತ್ರಕ್ಕೆ ಅಂಟಿಸಿಕೊಳ್ಳುವುದು ನನಗೆ ಹಿಡಿಸುವುದಿಲ್ಲ. ಕೈ ಹಿಂಡುತ್ತದೆ, ತಿಕ್ಕುತ್ತದೆ, ಎಳೆಯುತ್ತದೆ. ಗನ್‌ಗೆ ಗೊತ್ತಿರುವುದು ಕುಟ್ಟುವುದೊಂದೇ.

ಅವರ ಇನ್ನೊಂದು ಮಾತು ‘ಲ್ಯಾಕ್ಟಿಕ್ ಆಸಿಡ್ ಹೊರಗೆ ಹಾಕುತ್ತದೆ’ ಅನ್ನುವುದು. ಹಾಕಲು ಅದು ಅಲ್ಲಿ ಇದ್ದರೆ ತಾನೇ! ವ್ಯಾಯಾಮ ನಿಲ್ಲಿಸಿದ ಸುಮಾರು ಒಂದು ಗಂಟೆಯಲ್ಲಿ, ಸ್ನಾಯು ದುಡಿಯುವಾಗ ಹುಟ್ಟುವ ಈ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಸಿಡ್‌ನದೇ ರೂಪ) ತಾನಾಗಿ ಮಾಮೂಲಿ ಮಟ್ಟಕ್ಕೆ ಬರುತ್ತದೆ. ನಮಗೆ ನೋವು ಜೋರಾಗುವುದು 24ರಿಂದ 72 ಗಂಟೆಯ ನಡುವೆ. ಸ್ನಾಯುವಿನ ಒಳಗಿನ ಸಣ್ಣ ಸೀಳುಗಳೇ ಇದಕ್ಕೆ ಕಾರಣ ಅಂತ 1902ರಷ್ಟು ಹಿಂದೆಯೇ ಅಮೆರಿಕದ ಶರೀರಶಾಸ್ತ್ರಜ್ಞ ಥಿಯೋಡರ್ ಹಫ್ ಹೇಳಿದ್ದರು. ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕಾದಾಗ ಈ ಪೆಟ್ಟು ಜಾಸ್ತಿ. ಇಳಿಜಾರಿನ ಓಟ, ಸ್ಕ್ವಾಟ್‌ನಲ್ಲಿ (ಮೊಣಕಾಲು ಮಡಿಸಿ ಕೂತು ಏಳುವುದು) ಕೆಳಗೆ ಹೋಗುವ ಭಾಗ, ಒಂದು ಕಾಲು ಮುಂದಿಟ್ಟು ಬಾಗುವ ಲಂಜ್, ಎಲ್ಲ ಇದೇ ಜಾತಿ. ಪೆಟ್ಟಾದ ಜಾಗವನ್ನು ದೇಹ ರಿಪೇರಿ ಮಾಡುವಾಗ ಸ್ವಲ್ಪ ಊತ ಬರುತ್ತದೆ, ಅಲ್ಲಿನ ನರಗಳು ಸೂಕ್ಷ್ಮವಾಗುತ್ತವೆ. ಹೊರಗಿಂದ ಕುಟ್ಟಿದ ಮಾತ್ರಕ್ಕೆ ಆ ರಿಪೇರಿ ಬೇಗ ಮುಗಿಯುವುದಿಲ್ಲ.

ಹಾಗಾದರೆ ನೋವು ಯಾಕೆ ತಗ್ಗುತ್ತದೆ? ಮೊಣಕೈ ಬಾಗಿಲಿಗೆ ತಾಗಿದ ಕೂಡಲೇ ಅಲ್ಲೇ ಉಜ್ಜಿಕೊಳ್ಳುತ್ತೇವಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಸ್ಪರ್ಶ, ಕಂಪನದ ಸುದ್ದಿ ಮೆದುಳಿನ ಕಡೆ ಹೋಗುವಾಗ ನೋವಿನ ಸುದ್ದಿಗೆ ಬೆನ್ನುಹುರಿಯಲ್ಲೇ ದಾರಿ ಕಿರಿದಾಗುತ್ತದೆ. 1965ರಲ್ಲಿ ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ ಇದನ್ನೇ ಗೇಟಿನ ಸಿದ್ಧಾಂತವಾಗಿ ಮುಂದಿಟ್ಟರು. ಥೆರಾಗನ್ ಅನ್ನುವ ಮಸಾಜ್ ಗನ್ ಮಾಡಿದ ಜೇಸನ್ ವರ್ಸ್‌ಲ್ಯಾಂಡ್ ಕೂಡ 2007ರಲ್ಲಿ ಬೈಕ್ ಅಪಘಾತವಾದ ಮೇಲೆ ತನ್ನ ನೋವಿಗೆ ಅಂತಲೇ ಮೊದಲ ಯಂತ್ರವನ್ನು ಜೋಡಿಸಿಕೊಂಡದ್ದು. ಹುಟ್ಟಿದ್ದೇ ನೋವಿಗೆ. ಸ್ನಾಯು ಬೇಗ ಸುಧಾರಿಸುತ್ತದೆ ಅನ್ನುವ ಮಾತೆಲ್ಲ ಆಮೇಲೆ ಸೇರಿಕೊಂಡದ್ದು.

ಈಗ ನಾನು ಬಳಸುವ ರೀತಿ. ತೊಡೆಯ ಮುಂಭಾಗಕ್ಕಾದರೆ ಕುರ್ಚಿಯ ಅಂಚಿಗೆ ಕೂತು, ಹಿಮ್ಮಡಿ ಮುಂದಕ್ಕೆ ಚಾಚಿ, ಕಾಲನ್ನು ಪೂರ್ತಿ ಸಡಿಲ ಬಿಡುತ್ತೇನೆ. ಇದೇ ಮುಖ್ಯ. ಬಿಗಿ ಹಿಡಿದ ಸ್ನಾಯುವಿನ ಮೇಲೆ ಗನ್ ಇಟ್ಟರೆ ಅದು ಪುಟಿಯುತ್ತದೆ, ಕೈಗೂ ಹಲ್ಲಿಗೂ ಕಂಪನ ಬರುತ್ತದೆ. ಗನ್‌ನ ತುದಿಗೆ ದುಂಡನೆಯ ತಲೆ, ಅತಿ ಕಡಿಮೆ ವೇಗ. ಒತ್ತುವುದಿಲ್ಲ, ಗನ್‌ನ ತೂಕವೇ ಸಾಕು. ಸೊಂಟದ ಕಡೆಯಿಂದ ಮೊಣಕಾಲಿನ ಕಡೆಗೆ ಬಹಳ ನಿಧಾನವಾಗಿ ಜಾರಿಸುತ್ತೇನೆ. ತೊಡೆಯ ಹೊರಮಗ್ಗುಲಲ್ಲಿ, ಮೊಣಕಾಲಿಂದ ಗೇಣು ಮೇಲೆ, ನನಗೆ ಯಾವಾಗಲೂ ಒಂದು ಗಟ್ಟಿ ಜಾಗ ಸಿಗುತ್ತದೆ. ಅಲ್ಲಿ ಬಂದಾಗ ಮೋಟರಿನ ಸದ್ದೇ ಬದಲಾಗುತ್ತದೆ, ಟಕಟಕ ಅಂತ ಒಣ ಸದ್ದು. ಅಲ್ಲೇ ಸ್ವಲ್ಪ ಹೊತ್ತು ಬಿಟ್ಟು ಉಸಿರು ನಿಧಾನ ಬಿಟ್ಟರೆ, ತಲೆ ಮೆಲ್ಲಗೆ ಒಳಗಿಳಿದ ಹಾಗಾಗಿ ಸದ್ದು ದಪ್ಪಗಾಗುತ್ತದೆ. ಅಲ್ಲಿಂದ ಮುಂದಕ್ಕೆ. ಒಂದು ಸ್ನಾಯುವಿಗೆ ಒಂದೆರಡು ನಿಮಿಷ ಸಾಕು. ಹೊಸಬರಿಗೆ ಚರ್ಮ ತುರಿಸಬಹುದು, ಗಾಬರಿ ಬೇಡ. ತೆಳು ಬಟ್ಟೆಯ ಮೇಲೆ ಹಿಡಿದರೆ ಕಡಿಮೆಯಾಗುತ್ತದೆ.

ನೋವಾದಷ್ಟೂ ಒಳ್ಳೆಯದು ಅಂತ ಹಲ್ಲು ಕಚ್ಚಿಕೊಂಡು ಒತ್ತುವವರನ್ನು ತುಂಬಾ ನೋಡಿದ್ದೇನೆ. ನನ್ನ ಗೆಳೆಯ ಒಬ್ಬ ಫಿಸಿಯೋಥೆರಪಿಸ್ಟ್. ಅವನು ಹೇಳುವುದು ಇಷ್ಟೇ: ‘ಗುದ್ದಬೇಡ ಕಣೋ, ತೇಲಿಸು. ಮುಖ ಕಿವುಚಿತು ಅಂದ್ರೆ ಜಾಸ್ತಿ ಆಯ್ತು ಅಂತ.’ ಇದು ಬರೀ ನಾಜೂಕಿನ ಮಾತಲ್ಲ. 2021ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಪ್ರಕರಣ ವರದಿಯಾಯಿತು. ಸೈಕಲ್ ತುಳಿದು ದಣಿದ ಯುವತಿಯೊಬ್ಬಳ ತೊಡೆಗಳಿಗೆ ಗನ್ ಹಿಡಿದ ಮೇಲೆ ವಿಪರೀತ ನೋವು ಶುರುವಾಗಿ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿತ್ತು. ಸ್ನಾಯು ಒಡೆದು ಅದರ ಪ್ರೋಟೀನ್ ರಕ್ತಕ್ಕೆ ಸೇರುವ ರಾಬ್ಡೊಮಯೊಲಿಸಿಸ್ ಅದು. ಕಿಡ್ನಿಗೆ ಅಪಾಯ. ಇಂಥದ್ದು ಅಪರೂಪ, ಆದರೆ ಮೂತ್ರದ ಬಣ್ಣ ಹಾಗೆ ಬದಲಾದರೆ ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಹೋಗಬೇಕು.

ಕುತ್ತಿಗೆಯ ಮುಂಭಾಗ ಮತ್ತು ಪಕ್ಕಕ್ಕೆ ನಾನು ಗನ್ ತರುವುದೇ ಇಲ್ಲ, ಅಲ್ಲಿ ದೊಡ್ಡ ರಕ್ತನಾಳಗಳಿವೆ. ಬೆನ್ನುಮೂಳೆ, ಮೊಣಕಾಲು ಚಿಪ್ಪು, ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆ, ಮೊಣಕಾಲಿನ ಹಿಂದಿನ ಗುಳಿ, ಇವೂ ಬೇಡ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು, ಉಬ್ಬಿದ ರಕ್ತನಾಳ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ. ಒಂದೇ ಕಾಲಿನ ಮೀನಖಂಡ ಊದಿಕೊಂಡು ಬೆಚ್ಚಗಿದ್ದು ನೋಯುತ್ತಿದ್ದರೆ ಅದು ವ್ಯಾಯಾಮದ ನೋವು ಅಂತ ಅಂದುಕೊಂಡು ಗನ್ ಹಿಡಿಯಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಆ ದಿನವೇ ತೋರಿಸಿ. ವ್ಯಾಯಾಮದ ನೋವು ಸಾಮಾನ್ಯವಾಗಿ ಎರಡೂ ಕಡೆ, ಅಗಲಕ್ಕೆ ಹರಡಿಕೊಂಡಿರುತ್ತದೆ. ಒಂದೇ ಬಿಂದುವಿನಲ್ಲಿ ಚುಚ್ಚುವ ನೋವು, ಓಡುವಾಗಲೇ ಛಳಕ್ ಅಂದ ನೋವು, ಇವು ಬೇರೆ ಕಥೆ.

ಕೊಳ್ಳುವವರು ಡಬ್ಬಿಯ ಮೇಲೆ ಬರೆದ ವೇಗದ ಮಟ್ಟಗಳಿಗೆ ಮರುಳಾಗಬೇಡಿ. ಮೂವತ್ತು ವೇಗ ಇದ್ದರೂ ನೀವು ಬಳಸುವುದು ಕೆಳಗಿನ ಎರಡು ಮೂರು. ತಲೆ ಎಷ್ಟು ಮಿಲಿಮೀಟರ್ ಮುಂದೆ ಹಿಂದೆ ಹೋಗುತ್ತದೆ ಅನ್ನುವುದನ್ನು ನೋಡಿ. ಥೆರಾಗನ್‌ನ ದೊಡ್ಡ ಮಾದರಿಗಳಲ್ಲಿ ಅದು 16, ಬಹಳಷ್ಟು ಗನ್‌ಗಳಲ್ಲಿ 10ರಿಂದ 12. ಅದಕ್ಕಿಂತ ತೀರಾ ಕಡಿಮೆ ಇದ್ದರೆ ಚರ್ಮ ಅಷ್ಟೇ ನಡುಗುತ್ತದೆ. ಹಿಡಿ ಉದ್ದ ಇರಲಿ, ಇಲ್ಲದಿದ್ದರೆ ಹಿಂದೊಡೆಗೆ ಹಿಡಿಯುವಷ್ಟರಲ್ಲಿ ಮಣಿಕಟ್ಟು ನೋಯುತ್ತದೆ. ಸದ್ದು ಕಡಿಮೆ ಇದ್ದರೆ ಮನೆಯವರ ಆಶೀರ್ವಾದವೂ ಸಿಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಬಳಕೆಯ ಹೊತ್ತೇ ಬದಲಾಗಿದೆ. ಓಟ ಮುಗಿಸಿ ಬಂದು ಹಿಡಿಯುವುದು ಅಪರೂಪ, ನಿದ್ದೆಗೆ ಮುಂಚೆ ಕಾಲು ತುಂಬಾ ಕಾಡಿದರೆ ಮಾತ್ರ. ಜಾಸ್ತಿ ಹಿಡಿಯುವುದು ವಾರ್ಮ್ ಅಪ್‌ಗೆ ಮುಂಚೆ. ಮೀನಖಂಡಕ್ಕೆ, ಹಿಂದೊಡೆಗೆ ಚೂರು ಚೂರು. ಆಗ ಕೀಲು ಸಲೀಸಾಗಿ ಬಾಗುತ್ತದೆ, ಆ ಹೊತ್ತಿನಲ್ಲೇ ಸ್ಕ್ವಾಟ್‌ನ ಆಳ ಸರಿಯಾಗಿ ಸಿಗುತ್ತದೆ. ಇಳಿಜಾರಿನ ಓಟಕ್ಕೆ ಮಾತ್ರ ಬೇರೆ ಉಪಾಯ ಹಿಡಿದಿದ್ದೇನೆ. ಮೊದಲ ವಾರ ಚಿಕ್ಕ ಇಳಿಜಾರು, ಆಮೇಲೆ ಸ್ವಲ್ಪ ದೊಡ್ಡದು. ಒಮ್ಮೆ ಪೆಟ್ಟು ತಿಂದ ಸ್ನಾಯು ಅದೇ ಕೆಲಸವನ್ನು ಕೆಲವು ವಾರದೊಳಗೆ ಮತ್ತೆ ಮಾಡಿದರೆ ಬಹಳ ಕಡಿಮೆ ನೋಯುತ್ತದೆ. ಸ್ಪರ್ಧೆ ಹತ್ತಿರ ಇದ್ದಾಗ ನಾನು ನೆಚ್ಚಿಕೊಳ್ಳುವುದು ಇದನ್ನೇ. ಗನ್ ಬ್ಯಾಗಿನ ಪಕ್ಕದ ಜೇಬಿನಲ್ಲಿ ಇರುತ್ತದೆ, ಚಾರ್ಜ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.