ಶಾವುವೋತ್‌ಗೆ ಸಿದ್ಧರಾಗುವುದು ಹೇಗೆ: ಸಾವ್ತಾ ಜತೆ ಎಣಿಸಿದ 49 ದಿನ

ನನ್ನ ಊರು ಉಡುಪಿ ಹತ್ತಿರ. ಈಗ ಇರುವುದು ಜೆರುಸಲೇಮಿನ ಕತಮೋನ್ ಬಡಾವಣೆಯಲ್ಲಿ, 91 ವರ್ಷದ ಒಬ್ಬರು ಅಜ್ಜಿಯನ್ನು ನೋಡಿಕೊಂಡು. ಹೀಬ್ರೂವಿನಲ್ಲಿ ಅಜ್ಜಿಗೆ ಸಾವ್ತಾ ಅಂತಾರೆ. ನಾನೂ ಹಾಗೇ ಕರೆಯುತ್ತೇನೆ.

ನಮ್ಮದು ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಕ್ರೈಸ್ತ ಸಭೆ. ಪಂಚಾಶತ್ತಮ ಹಬ್ಬ ಅಂದರೆ ಪವಿತ್ರಾತ್ಮ ಇಳಿದು ಬಂದ ದಿನ ಅಂತ ಚಿಕ್ಕಂದಿನಿಂದ ಕೇಳಿದ್ದೆ. ಆದರೆ ಅಷ್ಟೊಂದು ದೇಶಗಳ ಜನ ಅವತ್ತು ಜೆರುಸಲೇಮಿನಲ್ಲಿ ಯಾಕೆ ಸೇರಿದ್ದರು ಅಂತ ಯೋಚಿಸಿಯೇ ಇರಲಿಲ್ಲ. ಅವರು ಬಂದಿದ್ದು ಯೆಹೂದ್ಯರ ಶಾವುವೋತ್ ಹಬ್ಬಕ್ಕೆ. ಶಾವುವೋತ್ ಅಂದರೆ ವಾರಗಳು. ಐಗುಪ್ತದಿಂದ ಬಿಡುಗಡೆಯಾದ ನೆನಪಿನ ಪಸ್ಕ ಹಬ್ಬದಿಂದ ಏಳು ವಾರ ಎಣಿಸಿ, 50ನೇ ದಿನ ಮಾಡುವ ಹಬ್ಬ. ಗೋಧಿ ಸುಗ್ಗಿಯ ಹಬ್ಬವೂ ಹೌದು, ಸೀನಾಯಿ ಬೆಟ್ಟದಲ್ಲಿ ದೇವರು ಆಜ್ಞೆಗಳನ್ನು ಕೊಟ್ಟ ನೆನಪಿನ ಹಬ್ಬವೂ ಹೌದು. 2026ರಲ್ಲಿ ಇದು ಮೇ 21ರ ಸಂಜೆ ಶುರುವಾಗುತ್ತದೆ. ನಮ್ಮ ಪಂಚಾಶತ್ತಮ ಈಸ್ಟರ್‌ನಿಂದ ಎಣಿಸಿದ್ದು, ಹಾಗಾಗಿ ಮೇ 24ಕ್ಕೆ ಬರುತ್ತದೆ.

ಊರಿನಿಂದ ಫೋನ್ ಮಾಡುವವರು ಕೇಳುತ್ತಾರೆ, ಇದನ್ನು ಮನೆಯಲ್ಲಿ ಹೇಗೆ ಪಾಲಿಸುವುದು ಅಂತ. ಯೆಹೂದ್ಯರ ವಿಧಿಗಳನ್ನು ಅವರ ಹಾಗೇ ಮಾಡಲು ನಮಗೆ ಬಾರದು, ಮಾಡಬೇಕಾದ ಕಟ್ಟೂ ಇಲ್ಲ. ಆದರೆ ಅವರು ಸಿದ್ಧರಾಗುವ ರೀತಿಯಿಂದ ಕಲಿಯುವುದು ತುಂಬಾ ಉಂಟು. ನಾನು ಕಲಿತದ್ದನ್ನು ಹೇಳುತ್ತೇನೆ.

ಎಣಿಸಲು ಶುರು ಮಾಡಿ

ಬೈಬಲಿನ ಯಾಜಕಕಾಂಡ 23:15 ಓದಿ. ಏಳು ಪೂರ್ತಿ ವಾರ ಎಣಿಸಬೇಕು ಅಂತ ಇದೆ. ಹಬ್ಬದ ಹಿಂದಿನ ದಿನ ಮನೆ ಗುಡಿಸಿ, ಹೊಸ ಬಟ್ಟೆ ಹಾಕಿ ಹೋಗುವುದಲ್ಲ. ಪಸ್ಕದ ಎರಡನೇ ರಾತ್ರಿಯಿಂದಲೇ ಶುರು. ಹಿಂದೆ ಜೆರುಸಲೇಮಿನಲ್ಲಿ ದೇವಾಲಯ ಇದ್ದಾಗ ಆ ದಿನ ಜವೆಗೋಧಿಯ ಮೊದಲ ಸಿವುಡು ಅರ್ಪಿಸುತ್ತಿದ್ದರು. ಆ ಸಿವುಡಿಗೆ ಓಮೆರ್ ಅಂತಾರೆ, ಹಾಗಾಗಿ ಈ ಎಣಿಕೆಗೆ ಓಮೆರ್ ಎಣಿಸುವುದು ಅಂತ ಹೆಸರು.

ಸಾವ್ತಾ ಎಣಿಸುವುದನ್ನು ನೀವು ನೋಡಬೇಕಿತ್ತು. ಕತ್ತಲಾಗುವ ಹೊತ್ತಿಗೆ ವಾಕರ್ ಹಿಡಿದುಕೊಂಡು ಅಡುಗೆಮನೆಯ ಕಿಟಕಿಗೆ ಬರುತ್ತಾರೆ. ಮೂರು ನಕ್ಷತ್ರ ಕಾಣುವವರೆಗೆ ಕಾಯುತ್ತಾರೆ. ಕಣ್ಣು ಮಂಜು, ಹಾಗಾಗಿ ನಕ್ಷತ್ರ ನೋಡಿ ಹೇಳುವ ಕೆಲಸ ನನ್ನದು. ನಾನು "ಮೂರು" ಅಂದ ಮೇಲೆ ಎರಡೂ ಕೈಯನ್ನು ವಾಕರ್ ಮೇಲೆ ಊರಿ ನೆಟ್ಟಗೆ ನಿಲ್ಲುತ್ತಾರೆ. ಆಶೀರ್ವಾದ ಹೇಳಿ ಎಣಿಸುತ್ತಾರೆ: "ಇವತ್ತು 33 ದಿನ, ಅಂದರೆ 4 ವಾರ, 5 ದಿನ." ಅಷ್ಟೇ. ಅರ್ಧ ನಿಮಿಷವೂ ಇಲ್ಲ. ಆದರೆ ಆ ಅರ್ಧ ನಿಮಿಷಕ್ಕಾಗಿ ದಿನವಿಡೀ ಒಂದು ಕಡೆ ಮನಸ್ಸು ಇಟ್ಟಿರಬೇಕು.

ಸಂಜೆ ಎಣಿಸುವ ಮೊದಲು "ಇವತ್ತು ಎಷ್ಟು?" ಅಂತ ಕೇಳಿದರೆ ಅವರು "ನಿನ್ನೆ 32" ಅನ್ನುತ್ತಾರೆ. ಇವತ್ತಿನ ಸಂಖ್ಯೆ ಸುಮ್ನೆ ಬಾಯಿಗೆ ಬಂದರೆ ಅದೇ ಎಣಿಕೆ ಆಗಿಬಿಡುತ್ತದೆ, ಅರಿವಿಲ್ಲದೆ ಎಣಿಸಿದ ಹಾಗೆ ಆಗುತ್ತದೆ ಅಂತ. ರಾತ್ರಿ ಮರೆತರೆ ಮರುದಿನ ಹಗಲಲ್ಲಿ ಆಶೀರ್ವಾದ ಇಲ್ಲದೆ ಎಣಿಸಬಹುದು. ಇಡೀ ದಿನವೇ ತಪ್ಪಿಹೋದರೆ ಮುಂದಿನ ದಿನಗಳಲ್ಲೂ ಆಶೀರ್ವಾದ ಹೇಳುವ ಹಾಗಿಲ್ಲ. ಎಣಿಸುವುದನ್ನು ಮಾತ್ರ ಬಿಡುವುದಿಲ್ಲ.

ನೀವು ಮನೆಯಲ್ಲಿ ಮಾಡುವುದಾದರೆ ಫ್ರಿಜ್ ಬಾಗಿಲಿಗೆ 49 ಮನೆಗಳ ಒಂದು ಹಾಳೆ ಅಂಟಿಸಿ. ಕತ್ತಲಾದ ಮೇಲೆ ಮನೆಯವರೆಲ್ಲ ನಿಂತು ಗಟ್ಟಿಯಾಗಿ ದಿನ ಹೇಳಿ, ಆಮೇಲೆ ಒಂದು ಮನೆ ತುಂಬಿಸಿ. ಮಕ್ಕಳ ಕೈಯಲ್ಲಿ ಮಾಡಿಸಿದರೆ ಅವರೇ ನಿಮಗೆ ನೆನಪಿಸುತ್ತಾರೆ.

ಜಗಳ ಮುಗಿಸಿ

ಈ ಭಾಗ ಕಷ್ಟ, ಆದರೆ ದಯವಿಟ್ಟು ಬಿಡಬೇಡಿ. ರಬ್ಬಿ ಅಕೀವಾ ಎಂಬ ಹಳೆ ಕಾಲದ ಯೆಹೂದ್ಯ ಗುರುಗಳ 24,000 ಶಿಷ್ಯರು ಪಸ್ಕದಿಂದ ಶಾವುವೋತ್‌ವರೆಗಿನ ದಿನಗಳಲ್ಲೇ ಸತ್ತರು ಅಂತ ಯೆಹೂದ್ಯರ ಪುರಾತನ ಧರ್ಮಗ್ರಂಥ ತಾಲ್ಮುದ್‌ನಲ್ಲಿ ಇದೆ. ಕಾರಣ, ಒಬ್ಬರಿಗೊಬ್ಬರು ಮರ್ಯಾದೆ ಕೊಡಲಿಲ್ಲ. ಅದಕ್ಕೇ ಈ ವಾರಗಳಲ್ಲಿ ಬಹಳಷ್ಟು ದಿನ ಮದುವೆ ಇಲ್ಲ, ಕೂದಲು ಕತ್ತರಿಸುವುದೂ ಇಲ್ಲ. ವಿಮೋಚನಕಾಂಡ 19:2ರ ಬಗ್ಗೆ ಸಾವ್ತಾ ಇನ್ನೊಂದು ಮಾತು ಹೇಳಿದರು. ಇಸ್ರಾಯೇಲ್ಯರು ಬೆಟ್ಟದ ಎದುರು ಇಳಿದುಕೊಂಡರು ಅನ್ನುವಲ್ಲಿ ಹೀಬ್ರೂ ಕ್ರಿಯಾಪದ ಏಕವಚನದಲ್ಲಿದೆಯಂತೆ. ಅಷ್ಟು ಜನ, ಆದರೆ ಒಬ್ಬನೇ ಮನುಷ್ಯನ ಹಾಗೆ, ಒಂದೇ ಹೃದಯದಿಂದ ಅಂತ ರಾಶಿ ಎಂಬ ವ್ಯಾಖ್ಯಾನಕಾರರು ಬರೆದಿದ್ದಾರೆ.

ನನಗೂ ಅಕ್ಕನಿಗೂ ಮನೆ ಹಿಂದಿನ ತೆಂಗಿನ ತೋಟದ ವಿಷಯದಲ್ಲಿ ಎರಡು ವರ್ಷ ಮಾತಿರಲಿಲ್ಲ. 40ನೇ ದಿನ ದಾಟಿದ ಮೇಲೆ ಒಂದು ರಾತ್ರಿ ಎಣಿಸಲು ನಿಂತಾಗ ಗಂಟಲು ಕಟ್ಟಿತು. ಊರಲ್ಲಿ ಆಗ ರಾತ್ರಿ ಹನ್ನೊಂದಾಗಿತ್ತು. ಆದರೂ ಫೋನ್ ಮಾಡಿದೆ. ತೋಟದ ಮಾತು ಎತ್ತಲಿಲ್ಲ. "ಅಕ್ಕ, ಊಟ ಆಯ್ತಾ?" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಆಯ್ತು, ನಿಂದು?" ಅಂದಳು. ನೀವೂ ಅಷ್ಟರಿಂದ ಶುರು ಮಾಡಿ. 49ರ ಒಳಗೆ ಮಾಡಿ.

ಕೊನೆಯ ಮೂರು ದಿನ

ವಿಮೋಚನಕಾಂಡ 19:10ರಿಂದ 15ರವರೆಗೆ ಓದಿ. ಬಟ್ಟೆ ಒಗೆದುಕೊಂಡು ಮೂರನೇ ದಿನಕ್ಕೆ ಸಿದ್ಧರಾಗಿರಿ, ಬೆಟ್ಟದ ಸುತ್ತ ಗಡಿ ಹಾಕಿ ಅಂತ ದೇವರು ಮೋಶೆಗೆ ಹೇಳಿದ ಭಾಗ. ಹಬ್ಬದ ಹಿಂದಿನ ಮೂರು ದಿನಕ್ಕೆ ಇಲ್ಲಿ ಗಡಿಯ ದಿನಗಳು ಅಂತಲೇ ಹೆಸರು. ಹೀಬ್ರೂವಿನಲ್ಲಿ ಪರಿಶುದ್ಧ ಅನ್ನುವ ಮಾತಿಗೆ ಬೇರೆ ಎತ್ತಿಟ್ಟದ್ದು ಅನ್ನುವ ಅರ್ಥವೂ ಉಂಟು. ಹಾಗಾಗಿ ಈ ಮೂರು ದಿನ ನೀವೂ ಒಂದು ಗಡಿ ಹಾಕಿಕೊಳ್ಳಿ. ನಾನು ಹಾಕಿಕೊಂಡದ್ದು ಫೋನಿಗೆ. ರಾತ್ರಿ ಎಣಿಸಿದ ಮೇಲೆ ಬೆಳಗಿನವರೆಗೆ ಕಪಾಟಿನೊಳಗೆ. ಹಾಸಿಗೆಯ ಬಟ್ಟೆ, ಪರದೆ ಎಲ್ಲ ಒಗೆದು ಬಿಸಿಲಿಗೆ ಹಾಕುತ್ತೇನೆ. ಸಾವ್ತಾಗೆ ಬಿಳಿ ಬ್ಲೌಸ್ ಇಸ್ತ್ರಿ ಮಾಡಿಡುತ್ತೇನೆ. ಮನೆಯೊಳಗೆ ಹಸಿರು ಸೊಪ್ಪು, ಹೂವು ಇಡುತ್ತಾರೆ. ಊರಲ್ಲಾದರೆ ಮಾವಿನೆಲೆ ಸಾಕು.

ಹೊಲದ ಮೂಲೆ ಬಿಡಿ

ಯಾಜಕಕಾಂಡ 23ರಲ್ಲಿ ಈ ಹಬ್ಬದ ಕಟ್ಟಳೆ ಮುಗಿದ ಕೂಡಲೇ, 22ನೇ ವಚನದಲ್ಲಿ, ಪೈರು ಕೊಯ್ಯುವಾಗ ಹೊಲದ ಮೂಲೆಯನ್ನು ಬಡವರಿಗೂ ಪರದೇಶಿಗೂ ಬಿಡಬೇಕು ಅಂತ ಬರುತ್ತದೆ. ಧರ್ಮೋಪದೇಶಕಾಂಡ 16:11ರಲ್ಲಿ ಹಬ್ಬದಲ್ಲಿ ಯಾರ ಜತೆ ಸಂತೋಷಪಡಬೇಕು ಅಂತ ಪಟ್ಟಿಯೇ ಉಂಟು: ಮಗ, ಮಗಳು, ಮನೆಯ ಕೆಲಸದವರು, ಲೇವಿಯರು, ಪರದೇಶಿ, ಅನಾಥರು, ವಿಧವೆಯರು. ಮನೆ ಕೆಲಸದವಳು ನಾನು, ಪರದೇಶಿಯೂ ನಾನು. ಮೊದಲ ವರ್ಷ ಹಬ್ಬದ ಊಟಕ್ಕೆ ನನ್ನ ತಟ್ಟೆಯನ್ನು ಅಡುಗೆಮನೆಯಲ್ಲೇ ಇಟ್ಟುಕೊಂಡಿದ್ದೆ. ಸಾವ್ತಾ ಅದನ್ನು ತರಿಸಿ ತಮ್ಮ ಬಲಕ್ಕೆ ಇಡಿಸಿದರು. ಈ ವಚನ ಓದುವಾಗೆಲ್ಲ ನನಗೆ ಆ ತಟ್ಟೆ ಕಾಣುತ್ತದೆ.

ನೀವೂ ಹಬ್ಬದ ಸಾಮಾನು ತರುವ ಮೊದಲೇ ಒಂದು ಪಾಲು ಎತ್ತಿಡಿ. ಉಳಿದದ್ದರಲ್ಲಿ ಕೊಡುವುದಲ್ಲ, ಮೊದಲೇ ಎತ್ತಿಡಬೇಕು. ಮನೆಗೆ ಕೆಲಸಕ್ಕೆ ಬರುವವರು ಇದ್ದರೆ ಊಟಕ್ಕೆ ಕರೆಯಿರಿ, ನಿಮ್ಮ ಮೇಜಿಗೇ.

ಊಟ ಹಾಲಿನದು. ಇಲ್ಲಿ ಚೀಸ್ ಕೇಕ್, ಒಳಗೆ ಚೀಸ್ ತುಂಬಿದ ತೆಳು ದೋಸೆಯಂಥದ್ದು. ಊರಿನಲ್ಲಿ ಹಾಲು ಪಾಯಸ ಮಾಡಿ.

ಆ ರಾತ್ರಿ

49 ದಿನ ಪೂರ್ತಿ ಮುಗಿಯಲಿ ಅಂತ ಚೆನ್ನಾಗಿ ಕತ್ತಲಾದ ಮೇಲೆಯೇ ಸಂಜೆಯ ಪ್ರಾರ್ಥನೆ ಶುರು ಮಾಡುತ್ತಾರೆ. ಆಮೇಲೆ ರಾತ್ರಿಯಿಡೀ ಓದು. ಸೀನಾಯಿಯಲ್ಲಿ ಆ ಬೆಳಗ್ಗೆ ಜನ ನಿದ್ದೆ ಹೋಗಿದ್ದರು, ಮೋಶೆ ಎಬ್ಬಿಸಬೇಕಾಯಿತು ಅಂತ ಹಳೆಯ ಕಥೆ ಉಂಟು. ಅದಕ್ಕೆ ಪರಿಹಾರವಾಗಿ ಈ ಎಚ್ಚರ.

ಇಡೀ ರಾತ್ರಿ ಆಗದಿದ್ದರೆ ಹನ್ನೆರಡರವರೆಗೆ ಕೂತುಕೊಳ್ಳಿ. ವಿಮೋಚನಕಾಂಡ 19 ಮತ್ತು 20, ಧರ್ಮೋಪದೇಶಕಾಂಡ 26ರ ಮೊದಲ 11 ವಚನ, ಆಮೇಲೆ ಅಪೊಸ್ತಲರ ಕೃತ್ಯಗಳು 2. ಮನಸ್ಸಿನಲ್ಲಿ ಓದಬೇಡಿ, ಒಬ್ಬರು ಗಟ್ಟಿಯಾಗಿ ಓದಲಿ. ಹತ್ತು ಆಜ್ಞೆಗಳು ಬರುವಾಗ ಎದ್ದು ನಿಲ್ಲಿ.

ಕಳೆದ ಸಲ ಸಾವ್ತಾರ ಮಗಳು ಮನೆಯಲ್ಲಿದ್ದರು, ಹಾಗಾಗಿ ನಾಲ್ಕು ಗಂಟೆಗೆ ಮೊದಲೇ ನಾನು ಹಳೆಯ ದೇವಾಲಯದ ಉಳಿದ ಗೋಡೆಯಾದ ಪಶ್ಚಿಮ ಗೋಡೆಗೆ ನಡೆದುಕೊಂಡು ಹೊರಟೆ. ಹಬ್ಬದ ದಿನ ಬಸ್ ಇಲ್ಲ. ರಸ್ತೆ ತುಂಬ ಜನ, ಬಿಳಿ ಬಟ್ಟೆ, ತೋಳಲ್ಲಿ ಮಲಗಿದ ಮಕ್ಕಳು. ಹಳೆ ಪಟ್ಟಣದ ಯಾಫಾ ಬಾಗಿಲು ದಾಟುವಾಗ ಕಾಲಿನ ಸಪ್ಪಳ ಬಿಟ್ಟರೆ ಬೇರೆ ಸದ್ದಿಲ್ಲ.

ಮನೆಗೆ ಬಂದಾಗ ಸಾವ್ತಾ ಕಾಯುತ್ತಿದ್ದರು. ಈಗ ಅವರಿಗೆ ಯೆಹೂದ್ಯರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ಹೋಗಲು ಆಗುವುದಿಲ್ಲ. ಈ ಹಬ್ಬದಲ್ಲಿ ರೂತಳ ಪುಸ್ತಕ ಓದುವುದು ಪದ್ಧತಿ, ಬರೀ ನಾಲ್ಕು ಅಧ್ಯಾಯ. ಹೊಲದ ಮೂಲೆಯಲ್ಲಿ ಹಕ್ಕಲಾಯ್ದ ಪರದೇಶಿ ಹೆಣ್ಣಿನ ಕಥೆ. ಅವರು ಹೀಬ್ರೂವಿನಲ್ಲಿ ಓದಿದರು, ನಾನು ಪಕ್ಕದಲ್ಲಿ ನನ್ನ ಕನ್ನಡ ಬೈಬಲ್ ತೆರೆದು ಕೂತೆ. ಮೊದಲ ಅಧ್ಯಾಯದ 16ನೇ ವಚನಕ್ಕೆ ಬಂದಾಗ ನಿಲ್ಲಿಸಿ, "ನಿನ್ನ ಭಾಷೆಯಲ್ಲಿ ಓದು" ಅಂದರು. ಓದಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಇನ್ನೊಮ್ಮೆ ಓದು ಅಂದರು.